ಸುಣ್ಣದವಳ ಸುಖ ಗೋಡೆಗೆ ಬಂದ ಸಂಜೆ

ನನ್ನ ದೀಪದಂಥ ದೀಪ ಏಳು ಸೀಮೆಯಲ್ಲಿಲ್ಲ. ಅದನ್ನು ಎತ್ತಿ ಹಿಡಿದರೆ ಕೋಳಿಗಳು ಬೆಳಗಾಯಿತೆಂದು ಎದ್ದು ಕೂಗುತ್ತಿದ್ದವು, ನಿಜವಾದ ಬೆಳಗು ಬಂದಾಗ ನಾಚಿಕೊಂಡು ಸುಮ್ಮನಿರುತ್ತಿದ್ದವು. ಒಂದು ಸಲ ಬಾವಿಯೊಳಕ್ಕೆ ಹಿಡಿದಿದ್ದೆ, ತಳದಲ್ಲಿದ್ದ ಕಪ್ಪೆ ಕಣ್ಣಿಗೆ ಕೈ ಅಡ್ಡ ಇಟ್ಟುಕೊಂಡಿತು. ನಂಬುವುದಾದರೆ ನಂಬಿ, ಬಿಟ್ಟರೆ ಬಿಡಿ. ಈ ಊರಿನಲ್ಲಿ ನಾನು ಬೆಳಕಿನವನು. ಬೇರೆ ಹೆಸರೂ ಇದ್ದಿರಬೇಕು, ಕರೆದವರಿಲ್ಲ.

ಊರ ನಡುವೆ ಒಂದು ಗೋಡೆ ಕಾಣುತ್ತದಲ್ಲ, ಅದಕ್ಕೆ ಮನೆಯಿಲ್ಲ, ಬಾಗಿಲಿಲ್ಲ, ಹಿಂದೆ ಏನೂ ಇಲ್ಲ. ಬರೀ ಗೋಡೆ. ನಮ್ಮ ಕಟ್ಟಳೆಯೂ ಒಂದೇ. ತಲೆಯಲ್ಲಿ ಮೊದಲ ಬಿಳಿ ಕೂದಲು ಕಂಡವರು ತಮ್ಮ ಸುಖ ಯಾವುದೆಂದು ಆ ಗೋಡೆಯ ಮೇಲೆ ಊರಿಗೆಲ್ಲ ಕಾಣುವ ಹಾಗೆ ತೋರಿಸಬೇಕು. ತೋರಿಸಿದವರು ಉಳಿಯುತ್ತಾರೆ. ಯಾರ ಸುಖ ಗೋಡೆಯ ಮೇಲೆ ಕಾಣಲಿಲ್ಲವೋ ಅವರನ್ನು ಅದೇ ಸಂಜೆ ಊರು ದಾಟಿಸಬೇಕು. ಸುಖವಿಲ್ಲದವರು ನೀರು ಸೇದಿದರೆ ಬಾವಿ ಕಹಿಯಾಗುತ್ತದೆ ಎಂದು ಹಿಂದಿನವರು ಹೇಳಿದ್ದರಂತೆ. ಯಾವ ಹಿಂದಿನವರು, ಯಾವ ಬಾವಿ ಕಹಿಯಾಗಿತ್ತು, ಯಾರೂ ಕೇಳಲಿಲ್ಲ. ಆದರೆ ನೀರು ಕುಡಿಯುವಾಗ ನಾವು ಪ್ರತಿಯೊಬ್ಬರೂ ಮೊದಲ ಗುಟುಕನ್ನು ನಾಲಗೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲಿಸಿಕೊಂಡು ಆಮೇಲೆ ನುಂಗುತ್ತಿದ್ದೆವು.

ಸುಖ ಹಿಡಿಯುವ ಕೆಲಸಕ್ಕೆ ಮೂವರು. ಕಣ್ಣಿನವನ ಹತ್ತಿರ ಒಂದು ಪೆಟ್ಟಿಗೆ ಇತ್ತು. ಎದುರಿಗಿದ್ದದ್ದನ್ನು ಅದು ಹಾವಿನ ಪೊರೆಯಂಥ ಸುರುಳಿಯ ಮೇಲೆ ಇಳಿಸಿಕೊಳ್ಳುತ್ತಿತ್ತು. ಕಿವಿಯವಳ ಕೈಯಲ್ಲಿ ಉದ್ದ ಬಿದಿರುಕೋಲು, ಕೋಲಿನ ತುದಿಗೆ ಸೋರೆಬುರುಡೆ. ಮಾತು, ಕೆಮ್ಮು, ನಿಟ್ಟುಸಿರು ಎಲ್ಲ ಆ ಬುರುಡೆಯೊಳಗೆ ಹೋಗಿ ಕೂರುತ್ತಿದ್ದವು. ಮೂರನೆಯವನು ನಾನು. ಬೆಳಕಿಲ್ಲದಿದ್ದರೆ ಕಣ್ಣೂ ಕುರುಡು ಎಂದು ಅವರಿಬ್ಬರಿಗೆ ಆಗಾಗ ನೆನಪು ಮಾಡಿಕೊಡುತ್ತಿದ್ದೆ. ಆಗಾಗ ಎಂದರೆ ಊಟಕ್ಕೆ ಮುಂಚೆ, ಊಟ ಆದ ಮೇಲೆ. ಸಂಜೆ ಇದೇ ನನ್ನ ದೀಪವನ್ನು ಪೆಟ್ಟಿಗೆಯ ಬೆನ್ನಿಗೆ ಇಟ್ಟರೆ ಸುರುಳಿಯ ಮೇಲಿದ್ದವರು ಗೋಡೆಯ ಮೇಲೆ ಇಳಿದು ನಡೆದಾಡುತ್ತಿದ್ದರು.

ಹಿಡಿಯುವ ಕ್ರಮ ಹೀಗೆ. ಕಣ್ಣಿನವನು ಪೆಟ್ಟಿಗೆ ಹೊರುತ್ತಿದ್ದ, ಕಿವಿಯವಳು ಕೋಲು ಚಾಚುತ್ತಿದ್ದಳು, ನಾನು ದೀಪ ಎತ್ತುತ್ತಿದ್ದೆ. ನಿಮ್ಮ ಸುಖ ಎಲ್ಲಿದೆ ಎಂದು ಕಣ್ಣಿನವನು ಒಂದೇ ಪ್ರಶ್ನೆ ಕೇಳುತ್ತಿದ್ದ. ಎದುರಿನವರು ಏನೋ ಹೇಳುತ್ತಿದ್ದರು. ಹೇಳಿ ಮುಗಿದ ಮೇಲೆ ಕಣ್ಣಿನವನು ಏನೂ ಮಾಡುತ್ತಿರಲಿಲ್ಲ. ಪೆಟ್ಟಿಗೆ ಇಳಿಸುತ್ತಿರಲಿಲ್ಲ, ತಲೆ ಆಡಿಸುತ್ತಿರಲಿಲ್ಲ, ಸರಿ ಎನ್ನುತ್ತಿರಲಿಲ್ಲ. ಸುಮ್ಮನೆ ನಿಲ್ಲುತ್ತಿದ್ದ. ಆ ಮೌನದಲ್ಲಿ ಮೊದಲ ಉತ್ತರ ಮಧ್ಯಾಹ್ನದ ಅನ್ನದ ಹಾಗೆ ಹಳಸತೊಡಗುತ್ತಿತ್ತು. ತಡೆಯಲಾರದೆ ಎದುರಿನವರು ಎರಡನೆಯ ಉತ್ತರ ಹೇಳುತ್ತಿದ್ದರು. ಗೋಡೆಗೆ ಬೇಕಾದದ್ದು ಅದು.

ಗಾಣದವನು ತನ್ನ ಗಾಣವೇ ತನ್ನ ಸುಖ ಎಂದ. ಸುಮ್ಮನಿದ್ದೆವು. ಎತ್ತು ಹೇಳದೆ ಕೇಳದೆ ತಾನಾಗಿ ನಿಂತುಬಿಟ್ಟರೆ ನಾನೂ ಕೂರಬಹುದು ಅನ್ನಿಸುತ್ತದೆ, ಅದು, ಎಂದ. ಮೂಲೆಮನೆಯ ಅಜ್ಜ, ಆಗಿನ್ನೂ ಅಜ್ಜನಾಗಿರಲಿಲ್ಲ, ದೇವರು ಕೊಟ್ಟ ಹೆಂಡತಿಯೇ ಸುಖ ಎಂದ. ಸುಮ್ಮನಿದ್ದೆವು. ಅವಳು ತವರಿಗೆ ಹೋದಾಗ ನಾನೇ ಸಾರು ಕಾಯಿಸಿ, ಉಪ್ಪು ಜಾಸ್ತಿಯಾಗಿ, ಅನ್ನುವವರು ಯಾರೂ ಇಲ್ಲದೆ ಸೊರಸೊರ ಕುಡಿಯುವುದು ಎಂದ. ಆ ಸಂಜೆ ಗೋಡೆಯ ಮುಂದೆ ಅಜ್ಜಿಯೂ ಕೂತಿದ್ದಳು. "ಇನ್ಮೇಲೆ ದಿನಾ ಸುಖ ಪಡ್ಕೊಳ್ಳಿ" ಎಂದಳು. ಅಜ್ಜ ಊರಿನಲ್ಲಿ ಉಳಿದ. ಮನೆಯಲ್ಲಿ ಹೇಗಿದ್ದನೋ ಕೇಳಬೇಡಿ.

ನನ್ನ ಸುಖ ಹಿಡಿಯುವುದು ಏನು ಕಷ್ಟ. ಕಣ್ಣಿನವನು ಪ್ರಶ್ನೆ ಕೇಳಿದ, ನಾನು ಮಾತು ಶುರು ಮಾಡಿದೆ, ಸುರುಳಿ ಮುಗಿದುಹೋಯಿತು.

ಆದರೆ ಬಳೆಯವನದು ಹಾಗಾಗಲಿಲ್ಲ. ಪ್ರಶ್ನೆ ಕೇಳುವ ಮುಂಚೆಯೇ ಅವನು ನಗುತ್ತಿದ್ದ. ನಗುವುದನ್ನು ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬಂದಿದ್ದ. ಸುಮ್ಮನಿದ್ದೆವು. ನಗೆ ಬಾಯಿಯ ಒಂದು ಕೊನೆಯಿಂದ ಬಿಚ್ಚತೊಡಗಿತು. ಇನ್ನೂ ಸುಮ್ಮನಿದ್ದೆವು. ನಗೆ ಪೂರ್ತಿ ಬಿದ್ದುಹೋಯಿತು, ಅದರ ಹಿಂದಿನಿಂದ ಏನೂ ಬರಲಿಲ್ಲ. ಆ ಸಂಜೆ, ಉಳಿಯುವವರು ಯಾರು ದಾಟುವವರು ಯಾರು ಎಂದು ಹೇಳುವ ತೀರ್ಪಿನವನು ಎದ್ದು, ಕಾಣಲಿಲ್ಲ, ಎಂದ. ದಾಟಿಸುವುದು ನನ್ನ ಕೆಲಸ. ದೀಪದ ಬೆಳಕಿನಲ್ಲಿ ಅವನ ಬೆನ್ನು ಊರಿಗೆಲ್ಲ ಕಾಣಬೇಕು, ಬೆಳಕಿಲ್ಲದೆ ಯಾರನ್ನೂ ದಾಟಿಸುವ ಹಾಗಿಲ್ಲ. ನಾನು ಊರ ಅಂಚಿನಲ್ಲಿ ನಿಂತು ದೀಪ ಎತ್ತಿದೆ, ಅವನು ಬಯಲಿನ ಕಡೆ ನಡೆದ. ಬೇರೆಯವರ ದೀಪವಾಗಿದ್ದರೆ ನಾಲ್ಕು ಹೆಜ್ಜೆಗೆ ಮರೆಯಾಗುತ್ತಿದ್ದ. ನನ್ನ ದೀಪ ಅವನನ್ನು ಬಹಳ ದೂರದವರೆಗೆ ಬಿಡಲಿಲ್ಲ.

ಇನ್ನು ಸುಣ್ಣದವಳ ವಿಷಯ. ಸುಣ್ಣದವಳು ನನ್ನ ಹೆಂಡತಿ.

ನಿನ್ನೆ ಕಂಡ ಸುಖ ಗೋಡೆಗೆ ಅಂಟಿಕೊಂಡಿರುತ್ತದೆ, ಇಂದಿನದು ಅದರ ಮೇಲೆ ಬೀಳಬಾರದು ಎಂದು ಪ್ರತಿ ಸಲ ಗೋಡೆಗೆ ಹೊಸದಾಗಿ ಸುಣ್ಣ ಬಳಿಯುತ್ತಿದ್ದವಳು ಅವಳು. ಮದುವೆಯಾಗಿ ಬಂದ ದಿನದಿಂದ ಅವಳ ತಲೆಯ ಮೇಲೆ ಸುಣ್ಣ ಉದುರಿಕೊಂಡೇ ಇತ್ತು. ಆ ಬಿಳುಪಿನೊಳಗೆ ಬೇರೆ ಬಿಳುಪು ಯಾವಾಗ ಬಂತೋ ಯಾರಿಗೂ ಗೊತ್ತಾಗಲಿಲ್ಲ. ಒಂದು ದಿನ ಎಣ್ಣೆಸ್ನಾನ ಮಾಡಿ ಅಂಗಳದಲ್ಲಿ ಕೂದಲು ಒಣಗಿಸುತ್ತ ನಿಂತಿದ್ದಾಗ ತೀರ್ಪಿನವನು ಆ ದಾರಿಯಲ್ಲಿ ಬಂದ. ಅದು ಸುಣ್ಣವೇನಮ್ಮ ಎಂದು ಕೇಳಿದ. ಪಾಪ, ಅವನೇ ಒಂದು ದಾರಿ ತೋರಿಸಿದ್ದ.

"ಅಲ್ಲ ಬುದ್ಧಿ, ನನ್ನದೇ ಕೂದಲು" ಎಂದಳು.

ಸುಣ್ಣ ಅಂದಿದ್ದರೆ ನಿನ್ನ ಗಂಟು ಹೋಗುತ್ತಿತ್ತೇ ಎಂದು ಒಳಗೆ ಬಂದ ಮೇಲೆ ನಾನು ಹಾರಾಡಿದೆ. ಸುಳ್ಳು ಹೇಳುವುದಕ್ಕೆ ಮನೆಯಲ್ಲಿ ನೀವೊಬ್ಬರು ಇದ್ದೀರಲ್ಲ, ಸಾಕು, ಎಂದಳು.

ಕಣ್ಣಿನವನು ಪೆಟ್ಟಿಗೆ ಹೊತ್ತ, ಕಿವಿಯವಳು ಕೋಲು ಚಾಚಿದಳು, ನಾನು ದೀಪ ಎತ್ತಿದೆ. ನನ್ನ ಹೆಂಡತಿ ಸುಣ್ಣದ ಬಾನಿಯ ಪಕ್ಕ ಕೂತು ನಾರಿನ ಕುಂಚ ತೊಳೆಯುತ್ತಿದ್ದಳು.

"ನಿನ್ನ ಸುಖ ಎಲ್ಲಿದೆ, ತಂಗಿ?"

"ಇದೆ ಅಣ್ಣ."

"ಎಲ್ಲಿ?"

"ಈಗ ಇಲ್ಲೇ ಇತ್ತು. ನೀವು ಬಂದಿರಿ."

ಕಣ್ಣಿನವನು ಸುಮ್ಮನಾದ. ಅವಳೂ ಸುಮ್ಮನಾದಳು. ಅವನ ಮೌನ ದೊಡ್ಡದು, ಅದರ ಮುಂದೆ ಎಂಥೆಂಥವರು ಬಾಯಿ ಬಿಟ್ಟಿದ್ದರು. ಆದರೆ ಇವಳು ಜೀವಮಾನವೆಲ್ಲ ಗೋಡೆಯ ಜತೆ ಕೆಲಸ ಮಾಡಿದವಳು. ನೆರಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯಿತು. ಕೊನೆಗೆ ಕಣ್ಣಿನವನೇ ಹೆಗಲು ನೋವೆಂದು ಪೆಟ್ಟಿಗೆ ಇಳಿಸಿದ. ಅವಳು ಅವನಿಗೆ ಮಜ್ಜಿಗೆ ತಂದುಕೊಟ್ಟಳು.

ಕೇಳಿದರೆ ಓಡಿಹೋಗುವುದನ್ನು ಕೇಳದೆ ಹಿಡಿಯಬೇಕು ಎಂದ ಕಣ್ಣಿನವನು. ಬೆಳಗಿನಿಂದ ಸಂಜೆಯವರೆಗೆ ಅವಳ ಹಿಂದೆಯೇ ನಡೆದೆವು, ಒಂದು ಮಾತಿಲ್ಲದೆ. ಅವಳು ಸುಣ್ಣದ ಕಲ್ಲು ಅರಳಿಸಿದಳು, ನಾವು ಹಿಂದೆ. ನೀಲಿ ಕದಡಿದಳು, ನಾವು ಹಿಂದೆ. ಏಣಿ ಹತ್ತಿದಳು, ನಾವು ಕೆಳಗೆ. ಸುರುಳಿ ಬಿಚ್ಚಿ ನೋಡಿದರೆ ಅದರಲ್ಲಿ ಕಂಡದ್ದು ಇಷ್ಟು: ಅಲ್ಲಿ ಗುಂಡಿಯಿದೆ ನೋಡಿಕೊಂಡು ಬನ್ನಿ ಎಂದು ಕಣ್ಣಿನವನಿಗೆ ಕೈ ತೋರಿಸುತ್ತಿದ್ದಾಳೆ, ಕಿವಿಯವಳ ಕೈ ನೋಯುತ್ತದೆಂದು ಕೋಲಿಗೆ ಆನಿಕೆ ಹುಡುಕುತ್ತಿದ್ದಾಳೆ, ನನ್ನ ಕಡೆ ತಿರುಗಿ, ಹಾಡುಹಗಲು ದೀಪ ಯಾಕೆ ಹಿಡ್ಕೊಂಡಿದ್ದೀರಿ ಎನ್ನುತ್ತಿದ್ದಾಳೆ. ಕಣ್ಣಿನವನು ಕತ್ತರಿ ತೆಗೆದುಕೊಂಡು ನಮ್ಮನ್ನೆಲ್ಲ ಕತ್ತರಿಸಿ ಹಾಕಿದ. ಉಳಿದದ್ದು ಅವಳ ಹುಬ್ಬಿನ ನಡುವಿನ ಗೆರೆ. ಅದನ್ನು ಗೋಡೆಯಷ್ಟು ದೊಡ್ಡದು ಮಾಡಿದರೆ ಏನಾಗುತ್ತಿತ್ತು ನಿಮಗೆ ಗೊತ್ತಲ್ಲ.

ಹುಲ್ಲಿನ ಮೆದೆಯ ಹಿಂದೆ ಅಡಗಿ ಕೂತೂ ನೋಡಿದೆವು. ಅವಳು ಏಣಿಯ ಮೇಲಿಂದ ತಿರುಗದೆಯೇ, ಮೆದೆಯೊಳಗೆ ಚೇಳಿರುತ್ತೆ, ಈಚೆ ಬನ್ನಿ ಎಂದಳು.

ಗೋಡೆಯ ಸಂಜೆ ಹತ್ತಿರ ಬಂತು. ನಾನು ಕಣ್ಣಿನವನನ್ನು ಬೇಲಿಯ ಪಕ್ಕಕ್ಕೆ ಕರೆದೆ. ನಿನ್ನ ಹತ್ತಿರ ಊರಿನವರ ನಗೆಯೆಲ್ಲ ಸುರುಳಿ ಸುರುಳಿಯಾಗಿ ಬಿದ್ದಿದೆ, ಒಂದನ್ನು ಇವಳ ಮುಖದ ಪಕ್ಕಕ್ಕೆ ಅಂಟಿಸು, ನೋಡುವವರಿಗೆ ಏನು ಗೊತ್ತಾಗುತ್ತದೆ, ಎಂದೆ. ಮಾತು ಮಾತ್ರ ಬರುವ ಬಾಯಿಂದ ಬೇಡಿಕೆ ಬಂದದ್ದು ಅವನಿಗೂ ಹೊಸದು. ಬಹಳ ಹೊತ್ತು ಕತ್ತರಿಯನ್ನು ತೆರೆದು ಮುಚ್ಚಿ ಮಾಡಿದ. ಕತ್ತರಿಸುವುದು ಮರೆಮಾಡುವುದಷ್ಟೇ, ಅಂಟಿಸುವುದು ಕದಿಯುವುದು, ಆ ನಗೆಯ ಒಡತಿ ಮುಂದೆಯೇ ಕೂತಿರುತ್ತಾಳೆ, ತನ್ನ ನಗೆ ಅವಳಿಗೆ ಗೊತ್ತಾಗದೆ ಇರುತ್ತದೆಯೇ, ಎಂದ. ನಾನು ಮನೆಗೆ ಬಂದು ಹೆಂಡತಿಗೆ, ಒಂದೇ ಒಂದು ಸಲ ನಕ್ಕುಬಿಡೇ, ಉಳಿದದ್ದು ನನ್ನ ಬೆಳಕು ನೋಡಿಕೊಳ್ಳುತ್ತದೆ ಎಂದೆ. ಅವಳು ಇಲ್ಲವೆನ್ನಲಿಲ್ಲ. ತಂಬಿಗೆಯ ಹೊಟ್ಟೆಯಲ್ಲಿ ಮುಖ ನೋಡಿಕೊಂಡು ಪ್ರಯತ್ನ ಮಾಡಿದಳು. ಬಳೆಯವನ ನಗೆ ನನ್ನ ಕಣ್ಣ ಮುಂದೆ ಬಂತು. ನಾನು ದೀಪ ಸಣ್ಣದು ಮಾಡಿದೆ.

ಕೊನೆಯ ದಿನ ಕಣ್ಣಿನವನು ಹೇಳಿದ: ನಾವು ಹೋದಲ್ಲಿ ಅದು ಇರುವುದಿಲ್ಲ, ಆದ್ದರಿಂದ ನಾವು ಹೋಗುವುದು ಬೇಡ. ಪೆಟ್ಟಿಗೆಯನ್ನು ಗೋಡೆಗೆ ಎದುರಾಗಿ ಕಲ್ಲಿನ ಮೇಲೆ ಇಟ್ಟ. ಕಿವಿಯವಳು ಕೋಲನ್ನು ನೆಲಕ್ಕೆ ನೆಟ್ಟಳು. ನಾನು ಬೆಳಕಿನ ಕೆಲಸವನ್ನು ಅವತ್ತೊಂದು ದಿನ ಸೂರ್ಯನಿಗೆ ವಹಿಸಿದೆ. ಮೂವರೂ ಕೆರೆಯ ಆಚೆ ದಡಕ್ಕೆ ಹೋಗಿ ಗೋಡೆಗೆ ಬೆನ್ನು ಮಾಡಿ ಕೂತೆವು. ನಾನು ಕಪ್ಪೆಯ ಕಥೆ ಹೇಳಿದೆ, ಕೋಳಿಗಳ ಕಥೆ ಹೇಳಿದೆ. ಯಾರೂ ಹೂಂ ಎನ್ನಲಿಲ್ಲ. ನನಗೂ ನಾನು ಹೇಳುತ್ತಿದ್ದದ್ದು ಕೇಳಿಸುತ್ತಿರಲಿಲ್ಲ. ನೀರಿನಲ್ಲಿ ಗೋಡೆಯ ಬಿಂಬ ಕಂಡೀತೆಂದು ನೀರಿನ ಕಡೆಗೂ ನೋಡಲಿಲ್ಲ.

ಹೊತ್ತು ಇಳಿದ ಮೇಲೆ ವಾಪಸು ಬಂದೆವು. ಗೋಡೆ ಒದ್ದೆಯಾಗಿ ಬೆಳ್ಳಗೆ ನಿಂತಿತ್ತು. ಪೆಟ್ಟಿಗೆಯ ಮುಖಕ್ಕೆ ಒಂದು ಹಳೇ ಸೀರೆ ಸುತ್ತಿತ್ತು.

"ಸುಣ್ಣ ಸಿಡಿಯುತ್ತಲ್ಲ ಅಣ್ಣ, ನಿನ್ನ ಪೆಟ್ಟಿಗೆ ಕಣ್ಣಿಗೆ ಬಿದ್ದರೆ ಅಂತ ಮುಚ್ಚಿದೆ" ಎಂದಳು.

ಕಣ್ಣಿನವನು ಸೀರೆ ಬಿಚ್ಚಿದ. ಒಳಗೆ ಸುರುಳಿ ಪೂರ್ತಿ ಓಡಿ ಮುಗಿದಿತ್ತು. ಅಷ್ಟು ಹೊತ್ತಿಗೆ ಜನ ಚಾಪೆ ಹಿಡಿದು ಬರತೊಡಗಿದ್ದರು.

ಊರೆಲ್ಲ ಕೂತಿತು. ತೀರ್ಪಿನವನು ಕಟ್ಟೆಯ ಮೇಲೆ ಕೂತ. ನನ್ನ ಹೆಂಡತಿ ಎಲ್ಲರ ಮುಂದೆ ಗೋಡೆಯ ಬುಡದಲ್ಲಿ ಕೂತಳು, ಸರದಿಯವರು ಅಲ್ಲಿ ಕೂರುವುದು ಪದ್ಧತಿ. ಕತ್ತಲಾಯಿತು. ನಾನು ದೀಪವನ್ನು ಪೆಟ್ಟಿಗೆಯ ಬೆನ್ನಿಗೆ ಸೇರಿಸಿ ಬಾಗಿಲು ಮುಚ್ಚಿದೆ. ಸುರುಳಿ ತಿರುಗಿತು. ಗೋಡೆಯ ಮೇಲೆ ಏನೂ ಬರಲಿಲ್ಲ. ಕತ್ತಲೆಯ ಮೇಲೆ ಕತ್ತಲೆ. ಜನ ಕತ್ತು ಉದ್ದ ಮಾಡಿದರು. ಆಗ ಕಿವಿಯವಳು ಬುರುಡೆಯ ಬಿರಡೆ ತೆಗೆದಳು.

ಮೊದಲು ಕುಂಚದ ಸದ್ದು ಬಂತು. ಸರಕ್ ಎಂದು ಮೇಲೆ, ಸರಕ್ ಎಂದು ಕೆಳಗೆ. ಬಾನಿಯೊಳಗೆ ಅದ್ದಿದ ಸದ್ದು, ತೊಟ್ಟು ನೆಲಕ್ಕೆ ಬಿದ್ದ ಸದ್ದು. ಸರಕ್ ಮೇಲೆ, ಸರಕ್ ಕೆಳಗೆ. ಆಮೇಲೆ ಅವಳ ಧ್ವನಿ. ಯಾವುದೋ ಹಲ್ಲಿಗೆ, ಸರಿಯೇ ಆಚೆ, ಇಲ್ಲದಿದ್ದರೆ ನಿನಗೂ ಬಳಿದುಬಿಡ್ತೀನಿ, ನಿನ್ನ ಗಂಡ ಗುರುತು ಹಿಡಿಯೋದಿಲ್ಲ ಎಂದಿತು. ಸ್ವಲ್ಪ ಹೊತ್ತು ಕುಂಚ. ಆಮೇಲೆ ಒಂದು ದಪ್ಪ ಧ್ವನಿ ಬಂತು, ಯಾರಿದು ಗಂಡಸು ಎಂದುಕೊಂಡೆ. ಅದು ನಾನು. ನನ್ನನ್ನು ಅವಳು ಆಡುತ್ತಿದ್ದಳು.

"ನನ್ನ ದೀಪ ಅಂದ್ರೆ ಏನು ಅಂದ್ಕೊಂಡೆ? ಹೋದ ಹುಣ್ಣಿಮೆ ಚಂದ್ರ ಹಿತ್ತಿಲ ಬಾಗಿಲಿಗೆ ಬಂದಿದ್ದ. ಅಣ್ಣ, ಇವತ್ತೊಂದು ದಿನ ನನ್ನ ಬದಲು ನೀನೇ ಹೋಗಿ ಬಾ ಅಂದ. ಊಟ ಆಗಿಲ್ಲ, ಆಗಲ್ಲ ಅಂದೆ."

ದೇವರಾಣೆ, ಅಷ್ಟು ದೊಡ್ಡ ಸುಳ್ಳು ನಾನು ಯಾವತ್ತೂ ಹೇಳಿರಲಿಲ್ಲ. ಹೇಳಿ ಅವಳು ನಕ್ಕಳು. ಏಣಿ ಅಲುಗಿದ ಸದ್ದಾಯಿತು. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದ್ದೇನೆ, ಆ ನಗೆಯನ್ನು ನಾನು ಕೇಳಿರಲಿಲ್ಲ. ಆಮೇಲೆ, ಆಯ್ತು ಎಂದಳು. ಆಮೇಲೆ ಮಾತಿಲ್ಲ. ಹಸಿ ಗೋಡೆ ಸುಣ್ಣ ಕುಡಿಯುವ ಸಣ್ಣ ಸದ್ದು, ಅದರ ಮುಂದೆ ಏನೂ ಮಾಡದೆ ಕೂತ ಒಬ್ಬಳು ಉಸಿರಾಡುವ ಸದ್ದು. ಅಷ್ಟೇ. ಅದು ಬಹಳ ಹೊತ್ತು ನಡೆಯಿತು. ಅವಳ ಉಸಿರಿಗೆ ಸರಿಯಾಗಿ ಎಲ್ಲರ ಉಸಿರೂ ನಡೆಯುತ್ತಿತ್ತು.

ಬುರುಡೆ ಖಾಲಿಯಾಯಿತು. ಕತ್ತಲೆಯಲ್ಲಿ ತೀರ್ಪಿನವನು ಎದ್ದ.

"ಕಾಣಲಿಲ್ಲ" ಎಂದ.

ಕೇಳಿಸಿತಲ್ಲ ಬುದ್ಧಿ ಎಂದಳು ಕಿವಿಯವಳು. ಕಟ್ಟಳೆ ಕಾಣಬೇಕು ಎನ್ನುತ್ತದೆ, ಕೇಳಿಸಬೇಕು ಎನ್ನುವುದಿಲ್ಲ, ಒಬ್ಬರಿಗೆ ಬಿಟ್ಟರೆ ನಾಳೆ ಬಾವಿಗೆ ಯಾರು ಹೊಣೆ, ಎಂದ ಅವನು. ಕೋಪದಿಂದ ಹೇಳಲಿಲ್ಲ. ಮೊದಲ ಗುಟುಕನ್ನು ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ನಾಲಗೆಯ ಮೇಲೆ ಇಟ್ಟುಕೊಳ್ಳುತ್ತಿದ್ದವನು ಅವನೇ. "ಬೆಳಕಿನವನೇ, ದೀಪ ತೆಗಿ. ದಾಟಿಸು."

ನನ್ನ ಹೆಂಡತಿ ಎದ್ದು ಸೆರಗು ಕೊಡವಿಕೊಂಡ ಸದ್ದು ಕೇಳಿಸಿತು.

ನಾನು ಪೆಟ್ಟಿಗೆಯ ಬಾಗಿಲಿನೊಳಗೆ ಕೈ ಹಾಕಿದೆ. ಉರಿಯುವ ಬತ್ತಿಯನ್ನು ಎರಡು ಬೆರಳಿನಿಂದ ಚಿವುಟಿದೆ. ಚುರ್ ಎಂದಿತು. ಆರಿದ ದೀಪವನ್ನು ಹೊರಗೆ ತೆಗೆದು ಎತ್ತಿ ಹಿಡಿದೆ, ಹಿಡಿದದ್ದು ಯಾರಿಗೂ ಕಾಣುವಂತಿರಲಿಲ್ಲ.

"ಆರಿಹೋಯ್ತು ಬುದ್ಧಿ."

ಹಚ್ಚು ಎಂದ. ಯಾರೋ ಬೆಂಕಿಪೊಟ್ಟಣವನ್ನು ಕೈಯಿಂದ ಕೈಗೆ ದಾಟಿಸಿದರು. ಕಡ್ಡಿ ಗೀರಿದೆ. ಹತ್ತಿತು. ಬತ್ತಿಯ ಹತ್ತಿರ ತರುತ್ತ ತರುತ್ತ ಮೂಗಿನಿಂದ ಊದಿದೆ. ಇನ್ನೊಂದು ಗೀರಿದೆ, ಅದನ್ನೂ ಊದಿದೆ.

"ಯಾಕೆ?"

"ಗಾಳಿ, ಬುದ್ಧಿ. ನಿಲ್ಲಲಿಕ್ಕೆ ಬಿಡ್ತಿಲ್ಲ."

ಗಾಳಿಯೆಲ್ಲಿ ಬಂತು. ಕಟ್ಟೆಯ ಅರಳಿಮರದ ಒಂದು ಎಲೆಯೂ ಮಿಸುಕುತ್ತಿರಲಿಲ್ಲ. ಬೆವರು ಎಲ್ಲರ ಬೆನ್ನಿನಲ್ಲಿ ಹರಿಯುತ್ತಿತ್ತು. ತೀರ್ಪಿನವನು ಏನೂ ಅನ್ನಲಿಲ್ಲ. ಸುಮ್ಮನೆ ನಿಂತ. ಊರೂ ಸುಮ್ಮನಾಯಿತು. ಎಷ್ಟೋ ಜನರ ಮುಂದೆ ದೀಪ ಹಿಡಿದು ನಾನು ನೋಡಿದ್ದ ಅದೇ ಮೌನ ಈಗ ನನ್ನ ಕಡೆ ತಿರುಗಿ ನಿಂತಿತ್ತು. ನಾನು ಹೇಳಿದ ಮಾತು ಅದರಲ್ಲಿ ಹಳಸತೊಡಗಿತು. ಎರಡನೆಯ ಉತ್ತರ ನನ್ನ ಹತ್ತಿರ ಇರಲಿಲ್ಲ. ಜೀವಮಾನದಲ್ಲಿ ನಾನು ಹೇಳಿದ ಒಂದು ಮಾತನ್ನೂ ಈ ಊರು ನಂಬಿದ್ದಿಲ್ಲ, ನಂಬಲಿ ಎಂದು ನಾನೂ ಹೇಳಿದ್ದಿಲ್ಲ.

ಕೊನೆಗೆ ಕಿವಿಯವಳ ಧ್ವನಿ ಬಂತು. ಇರುವೆ ಹೆಜ್ಜೆ ಇಟ್ಟರೆ ಯಾವ ಕಾಲು ಎಂದು ಹೇಳುವವಳು, ಇಲ್ಲದ್ದನ್ನು ಕೇಳಿಸಿತು ಎಂದು ಒಂದು ಸಲವೂ ಹೇಳಿದವಳಲ್ಲ.

"ಗಾಳಿ ಇದೆ ಬುದ್ಧಿ. ನನಗೆ ಕೇಳಿಸ್ತಿದೆ."

ಆಮೇಲೆ ಮೂಲೆಮನೆಯ ಅಜ್ಜ, ನನ್ನ ಟವಲ್ಲು ಹಾರಿಹೋಯಿತು ಎಂದ. ಟವಲ್ಲು ಹೋದರೆ ಹೋಗಲಿ, ನಿಮ್ಮನ್ನೇ ಹಿಡಿದುಕೊಂಡು ಕೂತಿದ್ದೇನೆ ಎಂದಳು ಅಜ್ಜಿ. ಗಾಣದವನು, ತನ್ನ ಎತ್ತು ಈಗ ತಾನೇ ತಲೆಯ ಮೇಲಿಂದ ಹೋಯಿತು, ಕೊರಳ ಗಂಟೆ ಕೇಳಿಸಲಿಲ್ಲವೇ ಎಂದ. ಕೇಳಿಸಿತು ಕೇಳಿಸಿತು ಎಂದರು ಹಿಂದೆ ಕೂತಿದ್ದವರು. ಇಲ್ಲದ ಗಾಳಿಗೆ ಜನ ಸೆರಗು ಬಿಗಿದುಕೊಂಡರು, ಒಬ್ಬರ ತೋಳನ್ನು ಒಬ್ಬರು ಹಿಡಿದುಕೊಂಡರು, ಚಾಪೆಯ ಅಂಚನ್ನು ಕಾಲಿನಲ್ಲಿ ಒತ್ತಿಕೊಂಡರು. ಕತ್ತಲೆಯಲ್ಲಿ ಅದೆಲ್ಲ ನನಗೆ ಹೇಗೆ ಕಂಡಿತು ಎಂದು ಕೇಳಬೇಡಿ. ಕಣ್ಣಿನವನು ಪೆಟ್ಟಿಗೆಯನ್ನು ಮುಟ್ಟಲಿಲ್ಲ.

ತೀರ್ಪಿನವನು ಹೊದ್ದಿದ್ದ ಶಾಲನ್ನು ಕಿವಿಯ ಮೇಲಕ್ಕೆ ಎಳೆದುಕೊಂಡ.

"ಗಾಳಿ ನಿಂತ ಮೇಲೆ ದಾಟಿಸಿ" ಎಂದ.

ಅವತ್ತಿನಿಂದ ನನ್ನ ದೀಪ ಬಯಲಿನಲ್ಲಿ ಉರಿದಿಲ್ಲ. ಗೋಡೆಯ ಮೇಲೆ ಯಾರೂ ನಡೆದಾಡಿಲ್ಲ. ಸುಣ್ಣದವಳು ಮಾತ್ರ ಅದಕ್ಕೆ ಬಳಿಯುವುದನ್ನು ಬಿಟ್ಟಿಲ್ಲ, ನಾನು ಆ ಹೊತ್ತಿನಲ್ಲಿ ಕೆರೆಯ ಆಚೆ ದಡಕ್ಕೆ ಹೋಗಿ ಕೂರುತ್ತೇನೆ. ಸಂಜೆಯಾದರೆ ತೀರ್ಪಿನವನು ಕಟ್ಟೆಗೆ ಬರುತ್ತಾನೆ. ಅರಳಿಮರದ ಕಡೆ ನೋಡುತ್ತಾನೆ. ಎದುರಿಗೆ ಸಿಕ್ಕವರನ್ನು, ನಿಂತಿತೇನಪ್ಪ ಎಂದು ಕೇಳುತ್ತಾನೆ. ಇಲ್ಲ ಬುದ್ಧಿ, ಇನ್ನೂ ಇದೆ, ಎನ್ನುತ್ತಾರೆ. ಅವನು ಕೇಳುವುದಕ್ಕೂ ಅವರು ಹೇಳುವುದಕ್ಕೂ ನಡುವೆ ಒಂದು ಚೂರು ಜಾಗವಿದೆ. ನಾನು ವಾಸ ಮಾಡುವುದು ಅಲ್ಲಿ. ಹಿಂದಿನ ದಿನ ಗಂಡನ ಜತೆ ಜಗಳವಾಡಿದವಳು ಇರುತ್ತಾಳೆ, ನನ್ನ ಮಾತಿಗೆ ಬೇಸತ್ತವನು ಇರುತ್ತಾನೆ, ಯಾರ ಬಾಯಿಂದ ಯಾವ ಸಂಜೆ ಏನು ಬಂದೀತು. ಮಲಗಿದರೆ ಹಂಚಿನ ಮೇಲೆ ಒಂದು ತರಗೆಲೆಯಾದರೂ ಉರುಳೀತೇ ಎಂದು ಕಿವಿ ಕೊಟ್ಟುಕೊಂಡಿರುತ್ತೇನೆ. ಪಕ್ಕದಲ್ಲಿ ಅವಳು ಚೆನ್ನಾಗಿ ನಿದ್ದೆ ಮಾಡುತ್ತಾಳೆ.

ಈಗ ನೀವು ಬಂದಿದ್ದೀರಿ. ಹೊರಗಿನಿಂದ ಬಂದವರ ಮಾತಿಗೆ ಅವನು ಹೆಚ್ಚು ಬೆಲೆ ಕೊಡುತ್ತಾನೆ, ಬಯಲು ದಾಟಿ ಬಂದವರಲ್ಲವೇ ಎಂದು. ಕಟ್ಟೆಯ ಹತ್ತಿರ ಹೋಗುತ್ತಲೇ ನಿಮ್ಮನ್ನೂ ಕೇಳುತ್ತಾನೆ. ಏನು ಹೇಳುತ್ತೀರೋ ನಿಮ್ಮ ಇಷ್ಟ, ನಾನು ಹೇಳಿಕೊಡುವವನಲ್ಲ. ಆದರೆ ಹೀಗೆ ಬಾಚಿದ ತಲೆಯಲ್ಲಿ ಹೋಗಬೇಡಿ. ಕೂದಲು ಸ್ವಲ್ಪ ಕೆದರಿಕೊಳ್ಳಿ.